ಬಸ್ರಾದ ಕಲ್ಲಿನಲ್ಲಿ ಬರೀ ಲೆಕ್ಕ

ಎಲ್ಲರಿಗೂ ನಮಸ್ಕಾರ.

ಎಳ್ಳುನೀರು ಬಿಡುವಾಗ ನಾವು ಹೋದವರ ಹೆಸರು ಹೇಳುತ್ತೇವೆ, ಅಲ್ವಾ? ಸತ್ತ ದಿನ ಗೊತ್ತಿಲ್ಲದಿದ್ದರೆ ಮಹಾಲಯ ಅಮಾವಾಸ್ಯೆ ಇದೆ. ದಿನ ತಪ್ಪಿದರೂ ನಡೆಯುತ್ತದೆ, ಹೆಸರು ಮಾತ್ರ ಬೇಕು. ಇವತ್ತು ನಾನು ಹೇಳಹೊರಟಿರುವುದು ಮೊದಲ ಮಹಾಯುದ್ಧದಲ್ಲಿ ಸತ್ತ ನಮ್ಮ ಸಿಪಾಯಿಗಳ ಹೆಸರಿನ ವಿಷಯ.

ಆ ಯುದ್ಧದಲ್ಲಿ ಸತ್ತವರ ಶವವನ್ನು ಊರಿಗೆ ತರಲು ಬ್ರಿಟಿಷರು ಬಿಡಲಿಲ್ಲ. ಹಣವಂತರ ಮಕ್ಕಳು ಮಾತ್ರ ಮನೆಗೆ ಬಂದಾರು, ಬಡವರ ಮಕ್ಕಳು ಅಲ್ಲೇ ಉಳಿದಾರು ಎಂಬುದು ಅದಕ್ಕೆ ಒಂದು ಕಾರಣ. ಫೇಬಿಯನ್ ವೇರ್ ಎಂಬುವರ ಪ್ರಯತ್ನದಿಂದ 1917ರಲ್ಲಿ ಯುದ್ಧ ಸಮಾಧಿಗಳ ಆಯೋಗ ಹುಟ್ಟಿತು. ಜನರಲ್ ಆಗಲಿ, ಸಾಮಾನ್ಯ ಸಿಪಾಯಿಯಾಗಲಿ, ಎಲ್ಲರಿಗೂ ಒಂದೇ ಅಳತೆಯ ಕಲ್ಲು. ಪದವಿ, ಜನಾಂಗ, ಧರ್ಮ ಯಾವುದನ್ನೂ ನೋಡುವುದಿಲ್ಲ ಎಂಬುದು ಅದರ ಮಾತು. ಗುರುತು ಸಿಗದವರ ಕಲ್ಲಿಗೆ 'ದೇವರಿಗೆ ಗೊತ್ತಿರುವವನು' ಎಂಬ ಅರ್ಥದ ಸಾಲನ್ನು ಕೊಟ್ಟವರು ಕವಿ ಕಿಪ್ಲಿಂಗ್. ಅವರ ಒಬ್ಬನೇ ಮಗ 1915ರಲ್ಲಿ ಲೂಸ್ ಕದನದಲ್ಲಿ ಸತ್ತ. ಆ ಸಮಾಧಿ ಎಲ್ಲಿದೆಯೆಂದು ತಿಳಿಯದೆಯೇ ಅಪ್ಪ ತೀರಿಕೊಂಡರು.

ನಮ್ಮವರಲ್ಲಿ ಎಷ್ಟೋ ಜನರನ್ನು ಸುಡುತ್ತಾರೆ. ಸುಟ್ಟ ಮೇಲೆ ಸಮಾಧಿ ಎಲ್ಲಿಂದ ಬರಬೇಕು? ಗಾಯಗೊಂಡು ಇಂಗ್ಲೆಂಡಿನ ಬ್ರೈಟನ್ ಆಸ್ಪತ್ರೆಗಳಲ್ಲಿ ಸತ್ತ 53 ಹಿಂದೂ, ಸಿಖ್ ಸೈನಿಕರನ್ನು ಊರಾಚೆಯ ಗುಡ್ಡದ ಮೇಲೆ ಸುಟ್ಟರು. ಬೂದಿಯನ್ನು ಸಮುದ್ರಕ್ಕೆ ಬಿಟ್ಟರು. ಆ ಜಾಗದಲ್ಲಿ 1921ರಲ್ಲಿ ಬಿಳಿ ಅಮೃತಶಿಲೆಯ ಛತ್ರಿ, ಅಂದರೆ ಗುಮ್ಮಟವಿರುವ ಮಂಟಪ, ಕಟ್ಟಿದರು. ಚೆಂದದ ಛತ್ರಿ ಅದು. ಆದರೆ ಅವರ ಹೆಸರು ಕೆತ್ತಿದ ಕಲ್ಲು ಅಲ್ಲಿಗೆ ಬಂದದ್ದು 2010ರಲ್ಲಿ! ಫ್ರಾನ್ಸಿನ ನವ್ ಶಾಪೆಲ್‌ನಲ್ಲಿ ಹೀಗಾಗಲಿಲ್ಲ. 1927ರಲ್ಲಿ ತೆರೆದ ಆ ಸ್ಮಾರಕದಲ್ಲಿ, ಸಮಾಧಿಯಿಲ್ಲದ 4,700ಕ್ಕೂ ಹೆಚ್ಚು ಭಾರತೀಯರ ಹೆಸರುಗಳಿವೆ. ಸಮಾಧಿ ಇಲ್ಲದವನಿಗೆ ಆ ಕೆತ್ತಿದ ಹೆಸರೇ ಸಮಾಧಿ.

ಈಗ ಬಸ್ರಾಕ್ಕೆ ಬರೋಣ.

ಇವತ್ತಿನ ಇರಾಕ್, ಅಂದಿನ ಮೆಸೊಪೊಟೇಮಿಯಾ. ಭಾರತೀಯ ಸೈನಿಕರು ಬಹಳ ಜಾಸ್ತಿ ಹೋದ ರಣರಂಗ ಇದು. ಬೆಂಗಳೂರಿನಲ್ಲಿ ನೆಲೆಯಿದ್ದ ಮದ್ರಾಸ್ ಸ್ಯಾಪರ್ಸ್ ಪಡೆಯವರೂ ಅಲ್ಲಿದ್ದರು. ಕೂತ್ ಪಟ್ಟಣದ ಮುತ್ತಿಗೆಯಲ್ಲಿ ತಿಂಗಳುಗಟ್ಟಲೆ ಹಸಿದು, 1916ರ ಏಪ್ರಿಲ್‌ನಲ್ಲಿ ಶರಣಾಗಿ, ಸೆರೆಯಲ್ಲಿ ಸತ್ತವರು ಎಷ್ಟೋ ಮಂದಿ. ಇವರಿಗಾಗಿ 1929ರಲ್ಲಿ ಬಸ್ರಾದಲ್ಲಿ ಸ್ಮಾರಕ ತೆರೆದರು. 40,000ಕ್ಕೂ ಹೆಚ್ಚು ಜನರ ಸ್ಮಾರಕ. ಬ್ರಿಟಿಷ್ ಸಿಪಾಯಿಗಳ ಹೆಸರುಗಳಿವೆ. ಭಾರತೀಯ ಅಧಿಕಾರಿಗಳ ಹೆಸರುಗಳಿವೆ. ಭಾರತೀಯ ಸಿಪಾಯಿಗಳದ್ದು? ದಳದ ಹೆಸರು, ಅದರ ಕೆಳಗೆ ಇಷ್ಟು ಜನ ಎಂಬ ಲೆಕ್ಕ, ಅಷ್ಟೇ. ಎಲ್ಲರೂ ಸಮಾನ ಅಂದ ಅದೇ ಆಯೋಗ ಮಾಡಿದ ಕೆಲಸ ಇದು.

ಇದನ್ನು ನೆನೆದಾಗಲೆಲ್ಲ ನನಗೆ ಆತಕೂರಿನ ಶಾಸನ ಕಣ್ಮುಂದೆ ಬರುತ್ತದೆ. ಬೆಂಗಳೂರಿನ ಸರ್ಕಾರಿ ವಸ್ತುಸಂಗ್ರಹಾಲಯಕ್ಕೆ ಸೇರಿದ ಕಲ್ಲು, ಕ್ರಿ.ಶ. 949ರ ಸುಮಾರಿನದು. ಕಾಡುಹಂದಿಯ ಮೇಲೆ ಬಿದ್ದು ಕಾದಾಡಿ ಸತ್ತ ಒಂದು ನಾಯಿಯ ನೆನಪಿಗೆ ನಿಲ್ಲಿಸಿದ್ದು. ನಾಯಿಯ ಹೆಸರು ಕಾಳಿ. ಸಾವಿರ ವರ್ಷ ದಾಟಿದರೂ ನಾವು ಅದನ್ನು ಹೆಸರು ಹಿಡಿದು ಕರೆಯಬಹುದು. ಹೊಟ್ಟೆಯಲ್ಲಿ ಹುಟ್ಟಿದ ಮಗನಿಗೆ ಬಸ್ರಾದಲ್ಲಿ ಅಷ್ಟೂ ಸಿಗಲಿಲ್ಲವಲ್ಲ ಎಂದು ಸಂಕಟವಾಗುತ್ತದೆ.

2021ರಲ್ಲಿ ಆಯೋಗವೇ ತನಿಖೆ ಮಾಡಿಸಿ ತಪ್ಪು ಒಪ್ಪಿತು, ಕ್ಷಮೆ ಕೇಳಿತು. ಕನಿಷ್ಠ 1,16,000 ಜನ, ಬಹುಶಃ 3,50,000ದವರೆಗೆ, ಹೆಸರಿನಿಂದ ಸ್ಮರಣೆ ಪಡೆದಿಲ್ಲ, ಕೆಲವರಿಗೆ ಪ್ರಾಯಶಃ ಯಾವ ಸ್ಮರಣೆಯೂ ಇಲ್ಲ ಎಂದು ಆ ವರದಿ ಹೇಳುತ್ತದೆ. ಅವರಲ್ಲಿ ಹೆಚ್ಚಿನವರು ಪೂರ್ವ ಆಫ್ರಿಕಾದವರು, ಈಜಿಪ್ಟಿನವರು. ಬಸ್ರಾ ಸ್ಮಾರಕವನ್ನು 1997ರಲ್ಲಿ ಸದ್ದಾಂ ಹುಸೇನ್ ಆಜ್ಞೆಯಂತೆ ಕಲ್ಲು ಕಲ್ಲೂ ಬಿಚ್ಚಿ ನಾಸಿರಿಯಾ ರಸ್ತೆಯ ಬದಿಗೆ ಸಾಗಿಸಿದರು. ಹೋಗಿ ನೋಡುವುದು ಸುಲಭವಲ್ಲ. ಹಳೆಯ ದಾಖಲೆಗಳಿಂದ ಹೆಸರು ಹೆಕ್ಕುವ ಕೆಲಸ ಮಾತ್ರ ನಡೆದಿದೆ.

ನಿಮ್ಮಲ್ಲಿ ಒಂದು ಕೋರಿಕೆ. ಅಜ್ಜಿಯ ಪೆಟ್ಟಿಗೆಯಲ್ಲಿ ಆ ಯುದ್ಧದ ಹಳೇ ಪದಕ ಇದ್ದರೆ, ಮುಖ ನೋಡಿ ಸುಮ್ನೆ ಇಟ್ಟುಬಿಡಬೇಡಿ. ಅಂಚನ್ನು ಬೆಳಕಿಗೆ ಹಿಡಿದು ತಿರುಗಿಸಿ. ನಂಬರು, ದರ್ಜೆ, ದಳ, ಜೊತೆಗೆ ಹೆಸರು ಅಲ್ಲಿ ಸಣ್ಣ ಅಕ್ಷರದಲ್ಲಿ ಕೊರೆದಿರುತ್ತದೆ. ಅದನ್ನು ಬರೆದಿಟ್ಟುಕೊಳ್ಳಿ.