ಹಕ್ಕಳೆ ತಾನಾಗಿಯೇ ಬೀಳಲಿ

ಕೇಳುಗರೆಲ್ಲರಿಗೂ ನಮಸ್ಕಾರ. ಚಿತ್ರದುರ್ಗದಲ್ಲಿ ನಾನು ಚರ್ಮದ ಡಾಕ್ಟರು. ಲಗ್ನದ ದಿನಗಳು ಹತ್ತಿರ ಬಂದವೆಂದರೆ ಮಚ್ಚೆ ತೆಗೆಸಲು ಬರುವವರು ಜಾಸ್ತಿ. ಲೇಸರ್‌ನಲ್ಲಿ ಹತ್ತು ಹದಿನೈದು ನಿಮಿಷದ ಕೆಲಸ, ನಿಜ. ಜಾಗ ಮರಗಟ್ಟಲು ಇಂಜೆಕ್ಷನ್ ಕೊಟ್ಟು, ಕಾರ್ಬನ್ ಡೈಆಕ್ಸೈಡ್ ಲೇಸರ್‌ನಿಂದ ಮಚ್ಚೆಯನ್ನು ಪದರ ಪದರವಾಗಿ ಆವಿ ಮಾಡುತ್ತೇವೆ. ಆದರೆ ಅಲ್ಲಿ ಉಳಿಯುವುದು ಸುಟ್ಟ ಗಾಯ. ಅದರ ಮೇಲೆ ಹಕ್ಕಳೆ ಕಟ್ಟುತ್ತದೆ. ಆ ಹಕ್ಕಳೆ ಕೀಳಬೇಡಿ. ಇವತ್ತು ನಾನು ಇಲ್ಲಿಗೆ ಬಂದಿರುವುದೇ ಇದನ್ನು ಹೇಳುವುದಕ್ಕೆ.

ಚಳ್ಳಕೆರೆ ಕಡೆಯ ಒಬ್ಬ ಹುಡುಗಿ ತಾಯಿಯ ಜೊತೆ ಬಂದಿದ್ದಳು. ಮೇಲ್ದುಟಿಯ ಪಕ್ಕದಲ್ಲಿ ಕಡಲೆಬೇಳೆಯಷ್ಟು ಉಬ್ಬಿದ ಮಚ್ಚೆ. "ಮದುವೆ ಯಾವಾಗಮ್ಮ?" ಅಂದೆ. "ಇನ್ನು ಹನ್ನೆರಡು ದಿನ ಐತೆ ಮೇಡಂ" ಅಂದರು ತಾಯಿ. ಈಗ ಬೇಡ, ಮದುವೆ ಮುಗಿಸಿಕೊಂಡು ಬನ್ನಿ ಎಂದು ಕಳಿಸಿದೆ. ಅವರು ಬೇರೆ ಕಡೆ ಹೋಗಿ ತೆಗೆಸಿಯೇಬಿಟ್ಟರು. ಅರಿಶಿನ ಶಾಸ್ತ್ರದ ದಿನ ಸೋದರತ್ತೆಯರು, ಚಿಕ್ಕಮ್ಮಂದಿರು ಪ್ರೀತಿಯಿಂದ ಮುಖದ ತುಂಬಾ ಅರಿಶಿನ ಬಳಿದರು, ಗಾಯದ ಮೇಲೂ. ರಾತ್ರಿ ನವೆ ಶುರುವಾಯಿತು. ಫೋಟೋದಲ್ಲಿ ಕಪ್ಪು ಹಕ್ಕಳೆ ಕಾಣುತ್ತದಲ್ಲ ಎಂಬ ಸಂಕಟ ಬೇರೆ. ಕನ್ನಡಿ ಮುಂದೆ ನಿಂತು ಉಗುರಿನಿಂದ ಕಿತ್ತಳು. ರಕ್ತ ಬಂತು, ಎರಡು ದಿನಕ್ಕೆ ಕೀವಾಯಿತು. ಧಾರೆಗೆ ಕೂತಾಗ ತುಟಿ ಪಕ್ಕ ಪ್ಲಾಸ್ಟರ್. ಮತ್ತೆ ನನ್ನ ಹತ್ತಿರ ಬಂದಾಗ ಅಲ್ಲೊಂದು ಗುಳಿ, ಅದರ ಸುತ್ತ ಕಪ್ಪು. ಕಪ್ಪು ತಿಳಿಯಾಗಲು ಎಂಟು ತಿಂಗಳು ಹಿಡಿಯಿತು. ಗುಳಿ ಇನ್ನೂ ಇದೆ. "ಮಚ್ಚೇನೇ ಚೆನ್ನಾಗಿತ್ತು ಮೇಡಂ" ಎಂದು ಅತ್ತಳು. ನನಗೆ ಆ ಮಾತು ಮರೆಯುವುದಿಲ್ಲ.

ಹಕ್ಕಳೆಯ ಅಡಿಯಲ್ಲಿ ಹೊಸ ಚರ್ಮ ಬೆಳೆಯುತ್ತಿರುತ್ತದೆ. ಏಳರಿಂದ ಹತ್ತು ದಿನಕ್ಕೆ ಹಕ್ಕಳೆ ತಾನಾಗಿಯೇ ಉದುರುತ್ತದೆ. ಕಿತ್ತರೆ ಹೊಸ ಚರ್ಮವೂ ಅದರ ಜೊತೆ ಕಿತ್ತು ಬರುತ್ತದೆ. ದಯವಿಟ್ಟು ಕೀಳಬೇಡಿ! ಅರಿಶಿನ, ಸುಣ್ಣ, ಕಾಫಿಪುಡಿ ಯಾವುದೂ ಬೇಡ. ಮೆತ್ತಗೆ ಸೋಪು ನೀರಿನಲ್ಲಿ ತೊಳೆದು, ಒತ್ತಿ ಒರೆಸಿ, ತೆಳ್ಳಗೆ ವ್ಯಾಸಲಿನ್ ಹಚ್ಚಿ, ಅಷ್ಟೇ. ನೋವು, ಊತ ಹೆಚ್ಚಿದರೆ, ಕೀವಾದರೆ, ಜ್ವರ ಬಂದರೆ ಡಾಕ್ಟರ ಹತ್ತಿರ ಹೋಗಿ. ನಮ್ಮದು ಕಂದು ಚರ್ಮ, ಗಾಯವಾದ ಜಾಗ ಬೇಗ ಕಪ್ಪಾಗುತ್ತದೆ. ಅದರ ಮೇಲೆ ಕೋಟೆಯ ಬಂಡೆ ಕಾಯಿಸುವ ನಮ್ಮ ದುರ್ಗದ ಬಿಸಿಲು! ಗಾಯ ಮಾಗಿದ ಮೇಲೆ ಮೂರು ತಿಂಗಳು ಎಸ್‌ಪಿಎಫ್, ಅಂದರೆ ಬಿಸಿಲು ತಡೆಯುವ ಶಕ್ತಿ, 30 ಇರುವ ಸನ್‌ಸ್ಕ್ರೀನ್ ಹಚ್ಚಿ. ಹೊಲಕ್ಕೆ ಹೋಗುವವರು ಸೆರಗು, ಟವೆಲ್ಲು ಮರೆಮಾಡಿಕೊಳ್ಳಿ. ಎದೆ, ಭುಜದ ಮೇಲಿನ ಗಾಯ ಕೆಲವರಿಗೆ ಗಂಟಿನಂತೆ ಉಬ್ಬುತ್ತದೆ. ಮನೆಯಲ್ಲಿ ಯಾರಿಗಾದರೂ ಹಾಗಾಗಿದ್ದರೆ ಮೊದಲೇ ಹೇಳಿ.

ಸಮಯ ಮುಗಿಯುತ್ತಿದೆಯಂತೆ, ಇದೊಂದು ಕೇಳಿಸಿಕೊಳ್ಳಿ. ಮಚ್ಚೆ ದೊಡ್ಡದಾಗುತ್ತಿದ್ದರೆ, ಬಣ್ಣ ಬದಲಾಗಿದ್ದರೆ, ಅಂಚು ಅಂಕುಡೊಂಕಾಗಿದ್ದರೆ, ರಕ್ತ ಒಸರಿದರೆ, ಅಂಗಾಲಿನಲ್ಲೋ ಉಗುರಿನ ಕೆಳಗೋ ಹೊಸದಾಗಿ ಕಪ್ಪು ಕಂಡರೆ ಅದಕ್ಕೆ ಲೇಸರ್ ಬೇಡವೇ ಬೇಡ. ಅದು ಕ್ಯಾನ್ಸರ್ ಇರಬಹುದು. ಕತ್ತರಿಸಿ ಲ್ಯಾಬಿಗೆ ಕಳಿಸಬೇಕು. ಲೇಸರ್‌ನಲ್ಲಿ ಸುಟ್ಟರೆ ಪರೀಕ್ಷೆಗೆ ಚೂರೂ ಉಳಿಯುವುದಿಲ್ಲ. ಅಂಥ ಮಚ್ಚೆ ಇದ್ದವರು ನಾಳೆಯೇ ಚರ್ಮದ ಡಾಕ್ಟರಿಗೆ ತೋರಿಸಿ. ನಮಸ್ಕಾರ.