ಹಂದಿಗೂಡಿನ ಮೇಲಿನ ಕೊಂಬೆ

ಕೇರಳದಲ್ಲಿ ನಿಪಾ ವೈರಸ್ ಅಂತ ಸುದ್ದಿ ಬಂದರೆ ಸಾಕು, ಕೊಡಗಿನಲ್ಲಿ ಎಲ್ಲರ ಕಣ್ಣು ಗಡಿಯ ಮಾಕುಟ್ಟ, ಕುಟ್ಟ ಚೆಕ್‌ಪೋಸ್ಟ್ ಕಡೆ. ಸೋಂಕು ತಗುಲಿದ ಮೇಲೆ ಜ್ವರ ಕಾಣಿಸೋಕೆ ಸಾಮಾನ್ಯವಾಗಿ 4ರಿಂದ 14 ದಿನ ಬೇಕು. ಅಲ್ಲಿವರೆಗೆ ಥರ್ಮಾಮೀಟರ್ ಹಿಡಿದರೂ ಏನೂ ಸಿಗಲ್ಲ. ಇನ್ನು ಈ ವೈರಸ್ ಹೊತ್ತು ತಿರುಗೋ ಬಾವಲಿಗಳು, ಅವು ಯಾವ ಗೇಟಲ್ಲೂ ನಿಲ್ಲಲ್ಲ. ನನ್ನ ಕೇಳಿದರೆ, ಮೊದಲು ನೋಡಬೇಕಾದ್ದು ನಮ್ಮ ಹಂದಿಗೂಡಿನ ಮೇಲೆ ಯಾವ ಕೊಂಬೆ ಬಾಗಿದೆ ಅಂತ.

1998ರಲ್ಲಿ ಮಲೇಷ್ಯಾದ ಇಪೊ ಊರಿನ ಹತ್ತಿರ ಶುರುವಾಗಿದ್ದೂ ಹೀಗೇ. ಹಂದಿ ಫಾರಂ ಪಕ್ಕದಲ್ಲೇ ಮಾವಿನ ಮರಗಳು. ಬಾವಲಿ ಕಚ್ಚಿ ಬೀಳಿಸಿದ ಹಣ್ಣು ಹಂದಿ ಬಾಯಿಗೆ, ಹಂದಿಯ ಕೆಮ್ಮು ಸಾಕುವವರ ಮೈಗೆ. ಮೊದಲು ಸೊಳ್ಳೆಯಿಂದ ಬರೋ ಮೆದುಳು ಜ್ವರ ಅಂದುಕೊಂಡು ಹೊಗೆ ಹಾಕಿದರು, ಲಸಿಕೆ ಕೊಟ್ಟರು. ಲಸಿಕೆ ಹಾಕಿಸಿಕೊಂಡವರೂ ಮಲಗಿದರು. ಸೊಳ್ಳೆ ಜ್ವರ ಆಗಿದ್ದರೆ ಹೆಚ್ಚಾಗಿ ಮಕ್ಕಳನ್ನ ಹಿಡೀಬೇಕಿತ್ತು. ಇಲ್ಲಿ ಬಿದ್ದವರೆಲ್ಲ ಹೆಚ್ಚುಕಮ್ಮಿ ಹಂದಿ ಮುಟ್ಟೋ ದೊಡ್ಡವರು. ಆದರೂ ನಿಜವಾದ ವೈರಸ್ ಸಿಕ್ಕಿದ್ದು 1999ರ ಮಾರ್ಚ್‌ನಲ್ಲಿ. ಅಷ್ಟರಲ್ಲಿ ಕಾಯಿಲೆ ಹಂದಿಗಳನ್ನ ಬೇರೆ ಕಡೆ ಮಾರಿಯಾಗಿತ್ತು, ಸಿಂಗಾಪುರದ ಕಸಾಯಿಖಾನೆಗೂ ಸೋಂಕು ಹೋಗಿತ್ತು. ಮಲೇಷ್ಯಾದಲ್ಲೇ 105 ಸಾವು.

2018ರಲ್ಲಿ ಕೇರಳದ ಕೋಝಿಕ್ಕೋಡ್‌ನಲ್ಲಿ ನಿಪಾ ಬಂದಾಗ ಹಂದಿಯ ಪಾತ್ರ ಇರಲಿಲ್ಲ. ಅಲ್ಲಿ ಹೆಚ್ಚು ಹರಡಿದ್ದು ಆಸ್ಪತ್ರೆಗಳ ಒಳಗೆ, ಮನುಷ್ಯರಿಂದ ಮನುಷ್ಯರಿಗೆ. ಹಾಗಂತ ಮನೆಮನೆಯಲ್ಲಿ ಹಂದಿ ಸಾಕೋ ನಾವು ಮಲೇಷ್ಯಾವನ್ನ ಮರೆಯೋ ಹಾಗಿಲ್ಲ.

ಹಾಗಾದರೆ ನಮ್ಮ ಪಂದಿಕರಿ, ಹಂದಿಮಾಂಸದ ಸಾರು, ಬಿಡಬೇಕಾ? ಖಂಡಿತ ಬೇಡ! ಚೆನ್ನಾಗಿ ಬೆಂದ ಮಾಂಸದಲ್ಲಿ ಈ ವೈರಸ್ ಉಳಿಯಲ್ಲ. ಅಪಾಯ ಇರೋದು ಒಲೆಗೆ ಹೋಗೋ ಮುಂಚೆ, ಸಿಂಬಳ, ರಕ್ತ ಮುಟ್ಟುವಾಗ. ಜ್ವರ, ಗಟ್ಟಿ ಕೆಮ್ಮು, ನಡುಕ ಇರೋ ಹಂದಿಯನ್ನ ಕೊಯ್ಯಬೇಡಿ, ಸಂತೆಗೂ ಹೊಡೀಬೇಡಿ. ಬೇರೆ ಕಟ್ಟಿ, ಪಶುವೈದ್ಯರಿಗೆ ಫೋನ್ ಮಾಡಿ.

ಗೂಡಿನ ತಗಡು ಮೇವಿನ ತೊಟ್ಟಿಯನ್ನ ದಾಟಿ ಹೊರಗೆ ಚಾಚಿರಲಿ. ಮರದಡಿ ಬಿದ್ದ ಸೀಬೆ, ಮಾವು ಹೆಕ್ಕಿ ಹಂದಿಗೆ ಸುರಿಯೋ ಅಭ್ಯಾಸ ಇದೆಯಲ್ಲ, ಅದನ್ನ ಬಿಡಿ. ತೊಳೆಯುವಾಗ ಎಲ್ಲರೂ ಮಾಡೋ ತಪ್ಪು, ಸಗಣಿ ಮೇಲೇ ಬ್ಲೀಚಿಂಗ್ ಪೌಡರ್ ಎರಚೋದು. ಸಗಣಿಯೇ ಕ್ಲೋರಿನ್ ತಿಂದು ಮುಗಿಸತ್ತೆ. ಮೊದಲು ಸೋಪು ನೀರಲ್ಲಿ ಉಜ್ಜಿ ತೊಳೀರಿ. ಆಮೇಲೆ ಲೀಟರ್ ನೀರಿಗೆ 15 ಗ್ರಾಂ ಹೊಸ ಪೌಡರ್ ಕಲಸಿ ಹಾಕಿ, 10 ನಿಮಿಷ ಹಾಗೇ ಬಿಡಿ. ಬಾಯಿ ತೆರೆದಿಟ್ಟ ಹಳೇ ಪ್ಯಾಕೆಟ್‌ನಲ್ಲಿ ವಾಸನೆ ಇರತ್ತೆ, ಶಕ್ತಿ ಇರಲ್ಲ.

ಆದರೆ ದಯವಿಟ್ಟು ತೋಟದ ಬಸರಿ, ಅತ್ತಿ ಮರ ಕಡಿಯೋಕೆ, ಬಾವಲಿಗೆ ಪಟಾಕಿ ಹೊಡೆಯೋಕೆ ಹೋಗಬೇಡಿ. ಬೆದರಿ ಎದ್ದ ಹಿಂಡು ಪಕ್ಕದ ತೋಟದಲ್ಲಿ ಇಳಿಯತ್ತೆ. ಅಲ್ಲೂ ಹಂದಿಗೂಡು ಇರತ್ತೆ.