ಕ್ರೀಡಾಪಟುವಿನ ಮೇಲೆ ದೂರು ಬಂದಾಗ: ಸಮ್ಮತಿಯನ್ನು ಸಾಬೀತುಪಡಿಸುವ ಕಷ್ಟ

ಹಿರಿಯರೆ, ತರಬೇತುದಾರರೆ, ತುಮಕೂರು ಜಿಲ್ಲೆಯ ಬೇರೆ ಬೇರೆ ತಾಲ್ಲೂಕುಗಳಿಂದ ಬಂದಿರುವ ಕ್ರೀಡಾಪಟುಗಳೆ ಮತ್ತು ಪೋಷಕರೆ,

ಲೈಂಗಿಕ ದೌರ್ಜನ್ಯದ ಆರೋಪಗಳ ಬಗ್ಗೆ ಆಟಗಾರರ ಎದುರು ಮಾತನಾಡುವುದು ಬೇಡವೆಂದು ಕೆಲವರು ಸಂಕೋಚಪಟ್ಟರೆಂದು ಸಂಘಟಕರು ನನಗೆ ತಿಳಿಸಿದರು. ಅವರ ಸಂಕೋಚ ನನಗೆ ಅರ್ಥವಾಗುತ್ತದೆ. ಆದರೆ ಪಾವಗಡದಿಂದಲೋ ಶಿರಾದಿಂದಲೋ ಹದಿಮೂರು ಹದಿನಾಲ್ಕರ ವಯಸ್ಸಿಗೇ ಮನೆ ಬಿಟ್ಟು ಕ್ರೀಡಾ ಹಾಸ್ಟೆಲ್ ಸೇರುವ ಮಕ್ಕಳು, ಪಂದ್ಯಾವಳಿಗೆಂದು ರಾತ್ರಿಯಿಡೀ ಬಸ್ಸಿನಲ್ಲಿ ಪ್ರಯಾಣ ಮಾಡಿ ಅಪರಿಚಿತ ಊರಿನ ಛತ್ರಗಳಲ್ಲಿ ಮಲಗುವ ಮಕ್ಕಳು, ಈ ವಿಷಯವನ್ನು ಮೊದಲ ಬಾರಿಗೆ ಪೊಲೀಸ್ ಠಾಣೆಯ ಬೆಂಚಿನ ಮೇಲೆ ಕುಳಿತು ಕಲಿಯುವಂತಾಗಬಾರದು ಎಂಬ ಕಾರಣಕ್ಕೆ ನಾನು ಒಪ್ಪಿಕೊಂಡು ಬಂದಿದ್ದೇನೆ.

ಮೊದಲಿಗೆ ಒಂದು ಪ್ರಕರಣವನ್ನು ಹೇಳುತ್ತೇನೆ. ಯಾರ ಗುರುತೂ ಸಿಗದಂತೆ ವಿವರಗಳನ್ನು ಬದಲಿಸಿದ್ದೇನೆ. ನಾನು ವಕೀಲಿ ವೃತ್ತಿಗೆ ಸೇರಿ ಮೂರನೆಯ ವರ್ಷ. ಸಮ್ಮತಿ ಎಂದರೇನೆಂದು ವಿವರಿಸಿದ 2013ರ ಕಾನೂನು ತಿದ್ದುಪಡಿ ಆಗಿನ್ನೂ ಬಂದಿರಲಿಲ್ಲ. ಆರೋಪಿ ಊರೂರಿನ ಹೊನಲು ಬೆಳಕಿನ ಕಬಡ್ಡಿ ಪಂದ್ಯಾವಳಿಗಳಲ್ಲಿ ಹೆಸರು ಮಾಡಿದ್ದ ರೈಡರ್. ದೂರು ಕೊಟ್ಟವಳು ಹತ್ತೊಂಬತ್ತು ವರ್ಷದ ಆಟಗಾರ್ತಿ, ತನ್ನ ತಂಡದ ಬಲ ಮೂಲೆಯ ಕ್ಯಾಚರ್. ನಾನು ಆರೋಪಿಯ ಪರ ವಕೀಲರ ಕಚೇರಿಯಲ್ಲಿ ಕಿರಿಯಳಾಗಿದ್ದೆ. ಮುಚ್ಚಿದ ಬಾಗಿಲಿನ ಹಿಂದೆ ಪಾಟೀ ಸವಾಲು ನಡೆಯುತ್ತಿತ್ತು. ನಮ್ಮ ಹಿರಿಯರು ಆಕೆಯನ್ನು ಕೇಳಿದರು: "ನಿಮಗಿಂತ ದಪ್ಪ ಇರೋ ರೈಡರುಗಳನ್ನ ಆಂಕಲ್ ಹೋಲ್ಡ್ ಹಾಕಿ ಕೆಡವ್ತೀರಲ್ಲಮ್ಮ, ಈ ಒಬ್ಬನನ್ನ ದೂಡೋಕೆ ಆಗಲಿಲ್ವಾ?"

ಆಕೆ ಕಟಕಟೆಯ ಮರದ ಅಂಚನ್ನು ಎರಡೂ ಕೈಗಳಿಂದ ಹಿಡಿದುಕೊಂಡಿದ್ದಳು. ಹೆಬ್ಬೆರಳಿಗೆ ಆಟದಲ್ಲಿ ಕಟ್ಟುವ ಬಿಳಿ ಟೇಪಿನ ಅಂಟು ಇನ್ನೂ ಉಳಿದಿತ್ತು. ಬಹಳ ಹೊತ್ತಿನ ಮೇಲೆ ಹೇಳಿದಳು: "ಅಂಕಣದಲ್ಲಿ ಅವರು ಮೈಮೇಲೆ ಬರ್ತಾರೆ ಅಂತ ಮೊದಲೇ ಗೊತ್ತಿರುತ್ತೆ ಸಾರ್." ಬೆರಳಚ್ಚುಗಾರರು ಆ ಉತ್ತರವನ್ನು ನ್ಯಾಯಾಲಯದ ಭಾಷೆಗೆ ಇಳಿಸಿದಾಗ, "ನಾನು ಪ್ರತಿರೋಧ ಮಾಡಲಿಲ್ಲ ಎಂದರೆ ಸರಿ" ಎಂಬ ಒಂದೇ ವಾಕ್ಯ ಉಳಿಯಿತು. ಆರೋಪಿಗೆ ಸಂಶಯದ ಲಾಭ ದೊರೆಯಿತು. ಆ ಪ್ರಶ್ನೆಯನ್ನು ಹಿಂದಿನ ರಾತ್ರಿ ಹಾಳೆಯ ಮೇಲೆ ಬರೆದುಕೊಟ್ಟವಳು ನಾನು.

ಕ್ರೀಡಾಪಟುಗಳ ಮೇಲಿನ ಆರೋಪಗಳಲ್ಲಿ ಬಹಳಷ್ಟು ಬಾರಿ "ನಾನು ಅಲ್ಲಿರಲಿಲ್ಲ" ಎಂದು ಆರೋಪಿ ವಾದಿಸುವುದಿಲ್ಲ. ಅವನು ಯಾರೆಂಬುದು ಊರಿಗೆಲ್ಲ ಗೊತ್ತು, ಅಲ್ಲಿದ್ದುದಕ್ಕೆ ಸಿಸಿಟಿವಿ ಸಾಕ್ಷಿಯಿರುತ್ತದೆ, ಫೋನಿನಲ್ಲಿ ಸಂದೇಶಗಳಿರುತ್ತವೆ. ಆದ್ದರಿಂದ ವಾದ ಒಂದೇ ಮಾತಿಗೆ ಬಂದು ನಿಲ್ಲುತ್ತದೆ: ನಡೆದದ್ದು ನಿಜ, ಆದರೆ ಆಕೆಯ ಸಮ್ಮತಿಯಿತ್ತು. ಈ ಮಾತು ಬಂದ ಕ್ಷಣದಲ್ಲಿ ಡಿಎನ್‌ಎ ವರದಿ ತನ್ನ ತೂಕವನ್ನು ಕಳೆದುಕೊಳ್ಳುತ್ತದೆ. ಸಂಪರ್ಕ ನಡೆದಿದೆ ಎಂಬುದನ್ನು ವಿಧಿವಿಜ್ಞಾನ ಪ್ರಯೋಗಾಲಯ ಹೇಳಬಲ್ಲದು. ಮನಸ್ಸು ಒಪ್ಪಿತ್ತೇ ಎಂಬುದನ್ನು ಯಾವ ಪ್ರಯೋಗಾಲಯವೂ ಹೇಳಲಾರದು. ಗಾಯಗಳಿದ್ದರೆ ಅದು ಬಲವಾದ ಸಾಕ್ಷ್ಯ, ಆದರೆ ಗಾಯವಿಲ್ಲದಿರುವುದು ಒಪ್ಪಿಗೆಗೆ ಸಾಕ್ಷ್ಯವಲ್ಲ. ಭಯದಿಂದ ಮೈ ಮರಗಟ್ಟಿದವರ ದೇಹದ ಮೇಲೆ ಗಾಯ ಇರಬೇಕೆಂದೇನೂ ಇಲ್ಲ. ದೂರುದಾರೆಗೆ ಮೊದಲೇ ಲೈಂಗಿಕ ಅನುಭವವಿತ್ತೇ ಎಂದು ನೋಡಲು ಹಿಂದೆ ವೈದ್ಯರು ಮಾಡುತ್ತಿದ್ದ ಎರಡು ಬೆರಳಿನ ಪರೀಕ್ಷೆಯಂತೂ ಸಮ್ಮತಿಯ ಬಗ್ಗೆ ಏನನ್ನೂ ತಿಳಿಸುತ್ತಿರಲಿಲ್ಲ, ಅವಮಾನವನ್ನು ಮಾತ್ರ ಮಾಡುತ್ತಿತ್ತು. 2013ರಲ್ಲಿ ಸುಪ್ರೀಂ ಕೋರ್ಟ್ ಅದನ್ನು ಮಹಿಳೆಯ ಘನತೆಗೆ ವಿರುದ್ಧವೆಂದು ಹೇಳಿತು. 2022ರಲ್ಲಿ, ಇನ್ನು ಮುಂದೆ ಅದನ್ನು ನಡೆಸುವವರು ದುರ್ವರ್ತನೆಯ ತಪ್ಪಿತಸ್ಥರಾಗುತ್ತಾರೆ ಎಂದು ಎಚ್ಚರಿಸಿತು.

"ಯಾಕೆ ದೂಡಲಿಲ್ಲ, ಯಾಕೆ ಕೂಗಲಿಲ್ಲ" ಎಂಬ ಪ್ರಶ್ನೆ ನಮ್ಮ ಕಚೇರಿಯಲ್ಲಿ ಹುಟ್ಟಿದ್ದಲ್ಲ. 1972ರಲ್ಲಿ ಮಹಾರಾಷ್ಟ್ರದ ದೇಸಾಯಿಗಂಜ್ ಪೊಲೀಸ್ ಠಾಣೆಯೊಳಗೆ ಒಬ್ಬ ಆದಿವಾಸಿ ಹುಡುಗಿಯ ಮೇಲೆ ಅತ್ಯಾಚಾರ ನಡೆದ ಆರೋಪ ಬಂತು. ನಿಸ್ಸಹಾಯಕವಾಗಿ ಸುಮ್ಮನಾಗುವುದು ಬೇರೆ, ಸಮ್ಮತಿಸುವುದು ಬೇರೆ ಎಂದು ಬಾಂಬೆ ಹೈಕೋರ್ಟ್ ವಿವೇಚಿಸಿ ಇಬ್ಬರು ಪೊಲೀಸರನ್ನು ಶಿಕ್ಷಿಸಿತ್ತು. 1978ರಲ್ಲಿ ಸುಪ್ರೀಂ ಕೋರ್ಟ್, ಮೈಮೇಲೆ ಗಾಯದ ಗುರುತಿಲ್ಲ, ಆಕೆ ಕೂಗಿಕೊಳ್ಳಲಿಲ್ಲ ಎಂಬಂಥ ಕಾರಣಗಳನ್ನು ಮುಂದಿಟ್ಟು ಅವರನ್ನು ಬಿಡುಗಡೆ ಮಾಡಿತು. ಮರುವರ್ಷ ಉಪೇಂದ್ರ ಬಕ್ಷಿ, ಲೋತಿಕಾ ಸರ್ಕಾರ್, ವಸುಧಾ ಧಾಗಂವಾರ್ ಮತ್ತು ರಘುನಾಥ ಕೇಳ್ಕರ್ ಮುಖ್ಯ ನ್ಯಾಯಮೂರ್ತಿಗಳಿಗೆ ಬಹಿರಂಗ ಪತ್ರ ಬರೆದರು. ದೇಶದಾದ್ಯಂತ ಚಳವಳಿ ಎದ್ದು, 1983ರಲ್ಲಿ ಕಾನೂನು ಬದಲಾಯಿತು. ಇದನ್ನೆಲ್ಲ ನಾನು ಕಾಲೇಜಿನಲ್ಲಿ ಓದಿ ಪರೀಕ್ಷೆಯಲ್ಲಿ ಬರೆದವಳೇ. ಆದರೂ ಆ ರಾತ್ರಿ ಹಾಳೆಯ ಮೇಲೆ ಅದೇ ಪ್ರಶ್ನೆಯನ್ನು ಬರೆದೆ ಎಂಬುದು ನನ್ನನ್ನು ಈವರೆಗೂ ಬಿಟ್ಟಿಲ್ಲ.

ಈಗಿನ ಕಾನೂನು ಸ್ಪಷ್ಟವಾಗಿದೆ. 2024ರ ಜುಲೈ 1ರಿಂದ ಜಾರಿಯಲ್ಲಿರುವ ಭಾರತೀಯ ನ್ಯಾಯ ಸಂಹಿತೆಯಲ್ಲಿ ಅತ್ಯಾಚಾರವನ್ನು ವ್ಯಾಖ್ಯಾನಿಸುವ 63ನೇ ಕಲಂ, 2013ರ ತಿದ್ದುಪಡಿಯ ವಿವರಣೆಯನ್ನೇ ಮುಂದುವರಿಸಿದೆ. ಅದರ ಪ್ರಕಾರ ಸಮ್ಮತಿ ಎಂದರೆ ಸಂದೇಹಕ್ಕೆ ಎಡೆಯಿಲ್ಲದ, ಸ್ವಇಚ್ಛೆಯ ಒಪ್ಪಿಗೆ. ಅದನ್ನು ಆಕೆ ಮಾತಿನಿಂದಲೋ ಸನ್ನೆಯಿಂದಲೋ ಬೇರೆ ಬಗೆಯಿಂದಲೋ ತಿಳಿಸಿರಬೇಕು. ಮತ್ತು ಆ ಒಪ್ಪಿಗೆ ಆ ನಿರ್ದಿಷ್ಟ ಕೃತ್ಯಕ್ಕೆ ಸಂಬಂಧಿಸಿರಬೇಕು. ದೈಹಿಕವಾಗಿ ಪ್ರತಿರೋಧಿಸಲಿಲ್ಲ ಎಂಬ ಒಂದೇ ಕಾರಣಕ್ಕೆ ಸಮ್ಮತಿಸಿದಳೆಂದು ಭಾವಿಸುವಂತಿಲ್ಲ. ಇಲ್ಲಿರುವ ಗಂಡುಮಕ್ಕಳು "ನಿರ್ದಿಷ್ಟ" ಎಂಬ ಪದವನ್ನು ದಯವಿಟ್ಟು ಗಮನಿಸಬೇಕು. ಆಕೆ ನಿಮ್ಮೊಡನೆ ಸೆಲ್ಫಿ ತೆಗೆಸಿಕೊಂಡದ್ದು, ಬೈಕಿನಲ್ಲಿ ಬಂದದ್ದು, ಕೋಣೆಯೊಳಗೆ ಬಂದದ್ದು, ಕೊನೆಗೆ ಮುತ್ತು ಕೊಡಲು ಒಪ್ಪಿದ್ದು ಕೂಡ, ಅದರ ಮುಂದಿನದಕ್ಕೆ ಒಪ್ಪಿಗೆಯಲ್ಲ. ಇನ್ನು ಆಕೆಗೆ ಹದಿನೆಂಟು ತುಂಬಿಲ್ಲದಿದ್ದರೆ ಸಮ್ಮತಿಯ ಮಾತೇ ಏಳುವುದಿಲ್ಲ. ಹಾಸ್ಟೆಲುಗಳಲ್ಲಿರುವ ಹೆಚ್ಚಿನವರು ಹದಿನೆಂಟರೊಳಗಿನವರು; ಅಲ್ಲಿ ಮಕ್ಕಳನ್ನು ಲೈಂಗಿಕ ಅಪರಾಧಗಳಿಂದ ರಕ್ಷಿಸುವ ಪೋಕ್ಸೊ ಕಾಯ್ದೆ ನೇರವಾಗಿ ಅನ್ವಯಿಸುತ್ತದೆ, ಹುಡುಗರ ಮೇಲಿನ ದೌರ್ಜನ್ಯಕ್ಕೂ ಅನ್ವಯಿಸುತ್ತದೆ. ವಯಸ್ಕ ಗಂಡಸಿನ ಮೇಲೆ ಇಂಥ ದೌರ್ಜನ್ಯ ನಡೆದರೆ 63ನೇ ಕಲಮಿನಲ್ಲಿ ಅವನಿಗೆ ಸ್ಥಳವಿಲ್ಲ. ಇದು ಕಾನೂನಿನ ದೊಡ್ಡ ಲೋಪ ಎಂಬುದು ನನ್ನ ಖಚಿತ ಅಭಿಪ್ರಾಯ.

ತರಬೇತುದಾರರಿಗೆ ಒಂದು ಮಾತು. ಶಿಕ್ಷಕ, ಪಾಲಕ ಅಥವಾ ಆಕೆಯ ನಂಬಿಕೆಯ, ಅಧಿಕಾರದ ಸ್ಥಾನದಲ್ಲಿರುವವನು ಆರೋಪಿಯಾದಾಗ ಸಾಕ್ಷ್ಯದ ನಿಯಮವೇ ಬೇರೆ. ಸಂಪರ್ಕ ನಡೆದದ್ದು ಸಾಬೀತಾಗಿ, ತನ್ನ ಸಮ್ಮತಿ ಇರಲಿಲ್ಲವೆಂದು ಆಕೆ ನ್ಯಾಯಾಲಯದಲ್ಲಿ ನುಡಿದರೆ, ಸಮ್ಮತಿ ಇರಲಿಲ್ಲವೆಂದೇ ನ್ಯಾಯಾಲಯ ಭಾವಿಸಬೇಕೆಂದು ಭಾರತೀಯ ಸಾಕ್ಷ್ಯ ಅಧಿನಿಯಮದ 120ನೇ ಕಲಂ ಹೇಳುತ್ತದೆ. ಆದರೆ ಸಹ ಆಟಗಾರನ ಮೇಲೆ ದೂರು ಬಂದಾಗ ಈ ಆಸರೆ ತಾನಾಗಿ ದೊರೆಯುವುದಿಲ್ಲ. ನಿಯಂತ್ರಣದ ಅಥವಾ ಪ್ರಾಬಲ್ಯದ ಸ್ಥಾನದಲ್ಲಿರುವವನ ಕೃತ್ಯವೂ ಈ ನಿಯಮ ಅನ್ವಯಿಸುವ ಪ್ರಕರಣಗಳ ಪಟ್ಟಿಯಲ್ಲಿದೆ, ನಿಜ. ಆದರೆ ಪೋಸ್ಟರಿನಲ್ಲಿ ಮುಖವಿರುವ ಆಟಗಾರ, ತಂಡದಲ್ಲಿ ಯಾರಿರಬೇಕೆಂದು ಅವನ ಒಂದು ಮಾತಿನಿಂದ ತೀರ್ಮಾನವಾಗುವ ನಾಯಕ, ಅಂಥ ಪ್ರಾಬಲ್ಯವುಳ್ಳವನು ಎಂಬುದನ್ನು ಅಭಿಯೋಜನೆಯೇ, ಅಂದರೆ ಸರ್ಕಾರದ ಪರವಾಗಿ ಮೊಕದ್ದಮೆ ನಡೆಸುವವರೇ, ಸಾಕ್ಷ್ಯಸಮೇತ ತೋರಿಸಬೇಕು. ಖ್ಯಾತಿಯೊಂದೇ ಅಧಿಕಾರವಲ್ಲ ಎಂದು ಪ್ರತಿವಾದಿ ವಕೀಲರು ಹೇಳಿಯೇ ಹೇಳುತ್ತಾರೆ. ತನಿಖಾಧಿಕಾರಿಗಳು ಆಯ್ಕೆ ಪಟ್ಟಿಗಳನ್ನೂ ತಂಡದೊಳಗಿನ ಸಂದೇಶಗಳನ್ನೂ ಮೊದಲ ವಾರದಲ್ಲೇ ವಶಪಡಿಸಿಕೊಳ್ಳಬೇಕೆಂದು ನಾನು ಹೇಳುವುದು ಈ ಕಾರಣಕ್ಕೆ.

ಹೊರದೇಶಗಳ ಕೆಲವು ಪ್ರಕರಣಗಳು ಈ ಕಷ್ಟವನ್ನು ಇನ್ನಷ್ಟು ಸ್ಪಷ್ಟಪಡಿಸುತ್ತವೆ. ಅಮೆರಿಕದ ಬ್ಯಾಸ್ಕೆಟ್‌ಬಾಲ್ ಆಟಗಾರ ಕೋಬಿ ಬ್ರಯಂಟ್ ಮೇಲೆ 2003ರಲ್ಲಿ ಕೊಲೊರಾಡೊ ರಾಜ್ಯದಲ್ಲಿ ಅತ್ಯಾಚಾರದ ಆರೋಪ ಬಂತು. ನ್ಯಾಯಾಲಯದ ಸಿಬ್ಬಂದಿಯ ತಪ್ಪಿನಿಂದಲೇ ದೂರುದಾರೆಯ ಹೆಸರು ಅಂತರ್ಜಾಲದಲ್ಲಿ ಹೊರಬಿತ್ತು. 2004ರ ಸೆಪ್ಟೆಂಬರಿನಲ್ಲಿ ಆಕೆ ಸಾಕ್ಷಿ ನುಡಿಯಲು ಹಿಂದೆ ಸರಿದಳು, ಮೊಕದ್ದಮೆ ಕೈಬಿಡಲಾಯಿತು. ಆಗ ಅವನ ಪರವಾಗಿ ಹೊರಬಂದ ಹೇಳಿಕೆಯಲ್ಲಿ, ಅದು ಪರಸ್ಪರ ಸಮ್ಮತಿಯಿಂದ ನಡೆದದ್ದೆಂದೇ ತಾನು ನಂಬಿದ್ದರೂ ಆಕೆ ಅದನ್ನು ಹಾಗೆ ಕಾಣಲಿಲ್ಲ ಎಂಬುದು ತನಗೆ ಈಗ ತಿಳಿದಿದೆ ಎಂಬ ಮಾತಿತ್ತು. ಅವನು ಏನನ್ನು ನಂಬಿದ್ದ ಎಂಬುದಕ್ಕಿಂತ, ಆ ನಂಬಿಕೆ ಆಕೆಯ ಯಾವ ಮಾತಿನಿಂದ, ಯಾವ ಸನ್ನೆಯಿಂದ ಬಂತು ಎಂಬುದು ಮುಖ್ಯ. ಆ ಪ್ರಶ್ನೆಗೆ ಯಾವ ತೀರ್ಪಿನಲ್ಲೂ ಉತ್ತರ ಸಿಗಲೇ ಇಲ್ಲ.

ಬ್ರೆಜಿಲ್‌ನ ಫುಟ್‌ಬಾಲ್ ಆಟಗಾರ ಡ್ಯಾನಿ ಆಲ್ವೆಸ್‌ಗೆ 2024ರ ಫೆಬ್ರುವರಿಯಲ್ಲಿ ಬಾರ್ಸಿಲೋನಾದ ನ್ಯಾಯಾಲಯ ನಾಲ್ಕೂವರೆ ವರ್ಷ ಶಿಕ್ಷೆ ವಿಧಿಸಿತು. 2025ರ ಮಾರ್ಚ್‌ನಲ್ಲಿ ಮೇಲಿನ ನ್ಯಾಯಾಲಯ ಅದನ್ನು ರದ್ದುಪಡಿಸಿತು. ದೂರುದಾರೆಯ ಹೇಳಿಕೆಯ ಕೆಲವು ಭಾಗಗಳು ಸಿಸಿಟಿವಿ ದೃಶ್ಯಗಳಿಗೆ ಹೊಂದುವುದಿಲ್ಲ, ಶಿಕ್ಷೆಗೆ ಬೇಕಾದಷ್ಟು ಖಚಿತತೆ ಇಲ್ಲ ಎಂದು ಹೇಳಿದ ಆ ನ್ಯಾಯಾಲಯವೇ, ಇದರಿಂದ ಆರೋಪಿಯ ವಾದವೇ ಸತ್ಯವೆಂದು ಆಗುವುದಿಲ್ಲ ಎಂಬುದನ್ನೂ ಸ್ಪಷ್ಟಪಡಿಸಿತು. ನೇಪಾಳದ ಕ್ರಿಕೆಟಿಗ ಸಂದೀಪ್ ಲಾಮಿಛಾನೆಗೆ 2024ರ ಜನವರಿಯಲ್ಲಿ ಎಂಟು ವರ್ಷ ಶಿಕ್ಷೆಯಾಯಿತು, ಮೇ ತಿಂಗಳಲ್ಲಿ ಹೈಕೋರ್ಟ್ ಅವನನ್ನು ಖುಲಾಸೆಗೊಳಿಸಿತು. ಇಂಥ ತೀರ್ಪು ಬಂದ ದಿನ "ಸುಳ್ಳು ಕೇಸು ಎಂದು ಸಾಬೀತಾಯಿತು" ಎಂದು ಅಭಿಮಾನಿಗಳು ಬರೆಯುತ್ತಾರೆ. ಖುಲಾಸೆ ಎಂದರೆ ಅಪರಾಧ ಸಂಶಯಾತೀತವಾಗಿ ಸಾಬೀತಾಗಲಿಲ್ಲ ಎಂದರ್ಥ. ಆರೋಪಿಯನ್ನು ಮತ್ತೆ ಅಪರಾಧಿ ಎಂದು ಕರೆಯುವ ಹಕ್ಕು ಯಾರಿಗೂ ಇಲ್ಲ. ಅದೇ ರೀತಿ ದೂರುದಾರೆಯನ್ನು ಸುಳ್ಳುಗಾರ್ತಿ ಎಂದು ಕರೆಯುವ ಹಕ್ಕೂ ಇಲ್ಲ.

ವೇಲ್ಸ್‌ನ ಫುಟ್‌ಬಾಲ್ ಆಟಗಾರ ಚೆಡ್ ಇವಾನ್ಸ್‌ಗೆ 2012ರಲ್ಲಿ ಶಿಕ್ಷೆಯಾಗಿ, 2016ರ ಮರುವಿಚಾರಣೆಯಲ್ಲಿ ಖುಲಾಸೆಯಾಯಿತು. ಆ ಮರುವಿಚಾರಣೆಯಲ್ಲಿ ದೂರುದಾರೆಯ ಹಿಂದಿನ ಲೈಂಗಿಕ ಸಂಬಂಧಗಳ ಬಗ್ಗೆ ಬೇರೆ ಗಂಡಸರು ಸಾಕ್ಷಿ ಹೇಳಲು ಅವಕಾಶವಾಯಿತು. ನಮ್ಮಲ್ಲಿ ಸಾಕ್ಷ್ಯ ಅಧಿನಿಯಮದ 48ನೇ ಕಲಂ ಇದನ್ನು ತಡೆಯುತ್ತದೆ: ಸಮ್ಮತಿಯ ಪ್ರಶ್ನೆಯಲ್ಲಿ ಆಕೆಯ ನಡತೆ, ಹಿಂದಿನ ಲೈಂಗಿಕ ಅನುಭವ ಪ್ರಸ್ತುತವಲ್ಲ. ಕಾನೂನು ತಡೆದದ್ದು ನಮ್ಮ ಚಹಾ ಅಂಗಡಿಗಳಲ್ಲಿ, ವಾಟ್ಸಾಪ್ ಗುಂಪುಗಳಲ್ಲಿ ನಡೆದೇ ನಡೆಯುತ್ತದೆ. ಇವಾನ್ಸ್ ಪ್ರಕರಣದಲ್ಲಿ ದೂರುದಾರೆಯ ಹೆಸರನ್ನು ಜಾಲತಾಣದಲ್ಲಿ ಬಹಿರಂಗಪಡಿಸಿದ ಒಂಬತ್ತು ಮಂದಿ ಆಕೆಗೆ ಪರಿಹಾರದ ಹಣ ತೆರಬೇಕಾಯಿತು. ನಮ್ಮ ನ್ಯಾಯ ಸಂಹಿತೆಯ 72ನೇ ಕಲಮಿನಲ್ಲಿ ಅದಕ್ಕೆ ಎರಡು ವರ್ಷದವರೆಗೆ ಸೆರೆವಾಸವಿದೆ. "ನಾನು ಫಾರ್ವರ್ಡ್ ಮಾಡಿದ್ದು ಅಷ್ಟೇ" ಎಂಬುದು ಉತ್ತರವಾಗುವುದಿಲ್ಲ.

ಈಗ ನಾನು ಮುಖ್ಯವಾಗಿ ಹೇಳಬೇಕಾದ ಮಾತಿಗೆ ಬರುತ್ತೇನೆ. ನಮ್ಮ ವಿಚಾರಣಾ ಪದ್ಧತಿಯಲ್ಲಿ ಆರೋಪಿ ಸಾಮಾನ್ಯವಾಗಿ ಸಾಕ್ಷಿಯ ಕಟಕಟೆ ಏರುವುದಿಲ್ಲ. ಮೌನವಾಗಿರುವುದು ಅವನ ಹಕ್ಕು, ಆ ಹಕ್ಕು ಇರಲೇಬೇಕು. ಹಾಗಾಗಿ "ಸಮ್ಮತಿಯಿತ್ತು" ಎಂಬ ವಾದ ನ್ಯಾಯಾಲಯಕ್ಕೆ ಬರುವುದು ಹೆಚ್ಚಾಗಿ ಅವನ ಬಾಯಿಂದಲ್ಲ, ಆಕೆಗೆ ಹಾಕುವ ಪಾಟೀ ಸವಾಲಿನ ರೂಪದಲ್ಲಿ. ಆಕೆ ಒಂದಿಡೀ ದಿನ, ಕೆಲವೊಮ್ಮೆ ಹಲವು ದಿನ, ನೂರಾರು ಪ್ರಶ್ನೆಗಳಿಗೆ ಉತ್ತರಿಸುತ್ತಾಳೆ. ಅವನಿಗೆ ನ್ಯಾಯಾಧೀಶರು ನೇರವಾಗಿ ಪ್ರಶ್ನೆ ಕೇಳುವುದು ಅಪರಾಧ ವಿಚಾರಣೆಯ ಕ್ರಮವನ್ನು ಹೇಳುವ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 351ನೇ ಕಲಮಿನ ಹೇಳಿಕೆಯಲ್ಲಿ ಮಾತ್ರ. ಆ ಹಾಳೆಗಳನ್ನು ನಾನು ಸಾಕಷ್ಟು ನೋಡಿದ್ದೇನೆ. ಎಡಗಡೆ ಬೆರಳಚ್ಚಿನಲ್ಲಿ ಉದ್ದುದ್ದ ಪ್ರಶ್ನೆಗಳು, ಅವುಗಳ ಎದುರಿಗೆ "ಸುಳ್ಳು", "ಸುಳ್ಳು", "ಗೊತ್ತಿಲ್ಲ", "ಸುಳ್ಳು", ಕೆಳಗೆ ಸಹಿ. ಸಮ್ಮತಿಯೇ ವಾದದ ಜೀವಾಳವಾದ ಮೊಕದ್ದಮೆಯಲ್ಲಿ ಕೂಡ, ಆಕೆ ಒಪ್ಪಿದ್ದು ಯಾವ ಮಾತಿನಿಂದ, ಯಾವ ಸನ್ನೆಯಿಂದ, ಯಾವ ಹೊತ್ತಿನಲ್ಲಿ ಎಂಬ ಪ್ರಶ್ನೆ ಆ ಹಾಳೆಯಲ್ಲಿ ಇರುವುದು ತೀರ ಅಪರೂಪ. ಅಭಿಯೋಜಕರು ಆ ಪ್ರಶ್ನೆಯನ್ನು ಬರೆದುಕೊಡಬೇಕು, ನ್ಯಾಯಾಲಯ ಅದನ್ನು ಕೇಳಬೇಕು. ಅವನು ಉತ್ತರಿಸದೆ ಇರಬಹುದು; ಸಾಬೀತುಪಡಿಸುವ ಹೊಣೆ ಅಭಿಯೋಜನೆಯ ಮೇಲೆಯೇ ಇರುತ್ತದೆ, ಅದರಲ್ಲಿ ಕೂದಲೆಳೆಯಷ್ಟೂ ಬದಲಾವಣೆ ಬೇಡ. ಆದರೆ ಕಾನೂನು ಸಮ್ಮತಿಗೆ ಕೊಟ್ಟಿರುವ ಅರ್ಥ ಮೊಕದ್ದಮೆಯ ಕಡತದೊಳಗೆ ಒಮ್ಮೆಯಾದರೂ ಪ್ರವೇಶಿಸಬೇಕಾದರೆ ಬೇರೆ ಬಾಗಿಲು ನನಗೆ ಕಾಣುವುದಿಲ್ಲ.

ಇನ್ನು ಕೆಲವು ವ್ಯಾವಹಾರಿಕ ವಿಷಯಗಳು. ಇಂಥದ್ದು ನಡೆದಾಗ "ಟೀಮಿನ ಹೆಸರು ಹಾಳಾಗುತ್ತೆ, ಟೂರ್ನಮೆಂಟ್ ಮುಗೀಲಿ" ಎಂದು ಹಿರಿಯರು ರಾಜಿ ಪಂಚಾಯಿತಿಗೆ ಕೂರಬಾರದು. ಆ ಒಂದು ವಾರದಲ್ಲಿ ಬಟ್ಟೆ ಒಗೆದು ಒಣಗಿರುತ್ತದೆ, ಸಿಸಿಟಿವಿಯ ಹಳೆಯ ದೃಶ್ಯಗಳ ಮೇಲೆ ಹೊಸವು ಬಂದು ಕುಳಿತಿರುತ್ತವೆ, ಆಮೇಲೆ "ತಡವಾಗಿ ದೂರು ಕೊಟ್ಟದ್ದೇಕೆ" ಎಂಬ ಪ್ರಶ್ನೆಯನ್ನು ಆ ಹುಡುಗಿಯೇ ಎದುರಿಸಬೇಕಾಗುತ್ತದೆ. ಬಟ್ಟೆಗಳನ್ನು ಒಗೆಯದೆ ಕಾಗದದ ಚೀಲದಲ್ಲಿ ಇಡಿ, ಪ್ಲಾಸ್ಟಿಕ್ ಬೇಡ. ಹಾಸ್ಟೆಲಿನ ಗೇಟ್ ರಿಜಿಸ್ಟರನ್ನು ತಿದ್ದಬೇಡಿ. ಸಂದೇಶಗಳನ್ನು ಅಳಿಸಬೇಡಿ, ಮರುದಿನ ಆಕೆ ಅವನಿಗೆ "ಗುಡ್ ಮಾರ್ನಿಂಗ್" ಎಂದು ಕಳಿಸಿದ್ದರೂ ಅಳಿಸಬೇಡಿ. ಹೆದರಿದವರು ಏನೂ ನಡೆದೇ ಇಲ್ಲವೆಂಬಂತೆ ನಡೆದುಕೊಳ್ಳುವುದು ಸಾಮಾನ್ಯ, ಅದನ್ನು ನ್ಯಾಯಾಲಯಕ್ಕೆ ವಿವರಿಸಬಹುದು. ಅಳಿಸಿದ್ದನ್ನು ವಿವರಿಸುವುದು ಅದಕ್ಕಿಂತ ಕಷ್ಟ. ಯಾವ ಠಾಣೆಯಲ್ಲಾದರೂ ದೂರು ಕೊಡಬಹುದು, ವ್ಯಾಪ್ತಿಯ ನೆಪ ಹೇಳಿ ಕಳಿಸುವಂತಿಲ್ಲ. ಸರ್ಕಾರಿ ಆಸ್ಪತ್ರೆಯಿರಲಿ, ಖಾಸಗಿಯಿರಲಿ, ಪ್ರಥಮ ಚಿಕಿತ್ಸೆಯನ್ನು ಉಚಿತವಾಗಿ ಕೊಡಲೇಬೇಕು. ಮಹಿಳೆಯರಿಗೆ ಮತ್ತು ಮಕ್ಕಳಿಗೆ ಆದಾಯದ ಮಿತಿಯಿಲ್ಲದೆ ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರದಿಂದ ಉಚಿತವಾಗಿ ವಕೀಲರು ದೊರೆಯುತ್ತಾರೆ. ಕೆಲಸದ ಸ್ಥಳದ ಲೈಂಗಿಕ ಕಿರುಕುಳ ತಡೆ ಕಾಯ್ದೆಯಲ್ಲಿ ಕ್ರೀಡಾಂಗಣ, ಕ್ರೀಡಾ ಸಂಸ್ಥೆ, ಪಂದ್ಯ ನಡೆಯುವ ಸ್ಥಳ ಎಲ್ಲವೂ ಸ್ಪಷ್ಟವಾಗಿ ಸೇರಿವೆ ಎಂಬುದು ಇಲ್ಲಿರುವ ಕೆಲವು ತರಬೇತುದಾರರಿಗೆ ಹೊಸ ಸಂಗತಿಯಾಗಿರಬಹುದು.

ಪ್ರಶ್ನೆಗಳಿಗೆ ಅರ್ಧ ಗಂಟೆ ಇಟ್ಟುಕೊಂಡಿದ್ದೇವೆ. ಎದ್ದು ನಿಂತು ಕೇಳಲು ಕಷ್ಟವಾಗುವವರಿಗಾಗಿ ಬಾಗಿಲ ಬಳಿ ಒಂದು ಡಬ್ಬಿ ಇಟ್ಟಿದೆ, ಚೀಟಿಯಲ್ಲಿ ಬರೆದು ಹಾಕಬಹುದು. ಹೆಸರು ಬರೆಯುವ ಅಗತ್ಯವಿಲ್ಲ. ಎಲ್ಲರೂ ಹೋದ ಮೇಲೂ ನಾನು ಸ್ವಲ್ಪ ಹೊತ್ತು ಇಲ್ಲೇ ಇರುತ್ತೇನೆ.